ಮೇಷ್ಟರ ಮಂಡಿನೋವು

ಬಲಗಾಲು, ಬಲಗಾಲು, ಬಲಗಾಲು. ವಿಮಾನ ಇನ್ನೂ ನೆಲದ ಮೇಲೆ ಉರುಳುತ್ತಿರುವಾಗಲೇ ಮೇಷ್ಟರು ಇದನ್ನು ಮನಸ್ಸಿನಲ್ಲಿ ಬಾಯಿಪಾಠ ಮಾಡತೊಡಗಿದ್ದರು. ಮೂವತ್ನಾಲ್ಕು ವರ್ಷ ಡ್ರಿಲ್ ಮೇಷ್ಟರಾಗಿ ಮೈದಾನದಲ್ಲಿ ನಿಂತು, ಸುಳ್ಳು ಹೊಟ್ಟೆನೋವು, ಸುಳ್ಳು ತಲೆಸುತ್ತು, ಸುಳ್ಳು ಉಳುಕುಗಳನ್ನೆಲ್ಲ ನೂರು ಗಜದಿಂದಲೇ ಗುರುತು ಹಿಡಿದವರಿಗೆ, ಸುಳ್ಳು ಕುಂಟರು ಎಲ್ಲಿ ಸಿಕ್ಕಿಬೀಳುತ್ತಾರೆ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬರುವಾಗ ಕುಂಟಿದ ಕಾಲು ಯಾವುದೆಂದು ಹೋಗುವಾಗ ಮರೆತುಬಿಡುತ್ತಾರೆ, ಅಷ್ಟೇ. ಈಗ ಅರವತ್ಮೂರನೆಯ ವಯಸ್ಸಿನಲ್ಲಿ, ದಿನಾ ಬೆಳಿಗ್ಗೆ ಎಂಟು ಕಿಲೋಮೀಟರ್ ನಡೆಯುವ ಎರಡು ಗಟ್ಟಿ ಕಾಲುಗಳನ್ನು ಮುಂದಿನ ಸೀಟಿನ ಕೆಳಗೆ ಚಾಚಿಟ್ಟುಕೊಂಡು ತಾವೇ ಆ ಗುಂಪಿಗೆ ಸೇರಿದ್ದರು. ವಿಮಾನ ನಿಂತದ್ದೇ ತಡ, ಜನರೆಲ್ಲ ಎದ್ದು ತಲೆಯ ಮೇಲಿನ ಗೂಡುಗಳಿಂದ ಚೀಲಗಳನ್ನು ಎಳೆದುಕೊಂಡು ಒಬ್ಬರ ಬೆನ್ನಿಗೊಬ್ಬರು ಆತು ನಿಂತರು. ಮೇಷ್ಟರೂ ಅಭ್ಯಾಸಬಲದಿಂದ ಅರ್ಧ ಎದ್ದರು. "ನೀವು ಕೂತಿರಿ ಸರ್, ಎಲ್ಲರೂ ಇಳಿದ ಮೇಲೆ ನಿಮಗೆ ವೀಲ್‌ಚೇರ್ ಬರುತ್ತೆ," ಎಂದು ಗಗನಸಖಿ ಭುಜ ಮುಟ್ಟಿ ಹೇಳಿದಾಗ ದೊಪ್ಪನೆ ಕುಳಿತರು. ಗಡಿಯಾರದಲ್ಲಿ ಮಧ್ಯಾಹ್ನ ಹನ್ನೆರಡೂ ಮುಕ್ಕಾಲು. ಇಪ್ಪತ್ತೈದು ನಿಮಿಷ ತಡ. ಮಗಳ ಊರಿಗೆ ಹೋಗುವ ಮುಂದಿನ ವಿಮಾನದ ಬಾಗಿಲು ಒಂದೂ ಇಪ್ಪತ್ತಕ್ಕೆ ಮುಚ್ಚುತ್ತದೆ. ಅದು ತಪ್ಪಿದರೆ ಇನ್ನೊಂದು ಇರುವುದು ನಾಳೆ ಇದೇ ಹೊತ್ತಿಗೆ. ನಾಳೆ ಬೆಳಿಗ್ಗೆ ಎಂಟಕ್ಕೆ ಮಗಳನ್ನು ಬೆನ್ನುಮೂಳೆಯ ಆಪರೇಷನ್ನಿಗೆ ಒಳಗೆ ಕರೆದೊಯ್ಯುತ್ತಾರೆ. ಆಮೇಲೆ ಅವಳ ಕಾಲು ಆಡುತ್ತದೋ ಇಲ್ಲವೋ ಎಂಬುದನ್ನು ಡಾಕ್ಟರು ಖಚಿತವಾಗಿ ಹೇಳಿರಲಿಲ್ಲ. "ಒಳಗೆ ಹೋಗೋ ಮುಂಚೆ ಒಂದ್ಸಲ ನಿನ್ನ ಮುಖ ನೋಡ್ಬೇಕಪ್ಪ," ಎಂದಿದ್ದಳು. ಅವಳು ಸುಲಭಕ್ಕೆ ಬಾಯಿಬಿಟ್ಟು ಕೇಳುವ ಪೈಕಿಯಲ್ಲ.

ವಿಮಾನದ ಬಾಗಿಲಲ್ಲಿ ವೀಲ್‌ಚೇರ್ ಹಿಡಿದು ನಿಂತಿದ್ದವಳು ಗಟ್ಟಿಮುಟ್ಟಾದ ಹೆಂಗಸು, ಸಮವಸ್ತ್ರದ ತೋಳನ್ನು ಮೊಣಕೈವರೆಗೆ ಮಡಚಿದ್ದಳು. "ನಿಧಾನ ತಾತ, ಅವಸರ ಬೇಡ. ಯಾವ ಕಾಲು?" ಎಂದಳು. "ಬಲಗಾಲು," ಎಂದು ಮೇಷ್ಟರು ಕ್ಲಾಸಿನಲ್ಲಿ ಹಾಜರಿ ಹೇಳುವ ಹುಡುಗನಂತೆ ಥಟ್ಟನೆ ಹೇಳಿ, ಅಷ್ಟು ಬೇಗ ಹೇಳಬಾರದಿತ್ತು ಅಂದುಕೊಂಡರು. ತಾತ ಎಂದದ್ದು ಚುಚ್ಚಿತು. ಅವಳು ಅವರ ಕಾಲನ್ನು ಕೈಯಾರೆ ಎತ್ತಿ ಕುರ್ಚಿಯ ಕಾಲಿಡುವ ಪಟ್ಟಿಯ ಮೇಲೆ ಇಟ್ಟು, ನೋವಾಯ್ತಾ ಎಂದು ಕಣ್ಣಲ್ಲೇ ಕೇಳಿದಾಗ ಇನ್ನಷ್ಟು ಚುಚ್ಚಿತು. ಕುರ್ಚಿ ಉರುಳಿತು. ಸೊಂಟದೆತ್ತರದಿಂದ ನೋಡಿದರೆ ಜಗತ್ತು ಬೇರೆಯೇ. ಮುಖಗಳ ಬದಲು ಬೆಲ್ಟುಗಳು, ಕೈಚೀಲಗಳು, ಎಳೆದುಕೊಂಡು ಹೋಗುತ್ತಿರುವ ಪೆಟ್ಟಿಗೆಗಳ ಹಿಡಿಕೆಗಳು. ಜನ ದಾರಿ ಬಿಟ್ಟುಕೊಡುತ್ತಿದ್ದರು, ಆದರೆ ಇವರ ಮುಖ ನೋಡಿ ಅಲ್ಲ, ಚಕ್ರ ನೋಡಿ. ಈ ಸುಳ್ಳು ಹುಟ್ಟಿದ್ದು ಎರಡು ವರ್ಷದ ಹಿಂದೆ. ಮಗಳು ಕೋಲು ಹಿಡಿದು ನಡೆಯಲು ಶುರುಮಾಡಿದ ಹೊಸತರಲ್ಲಿ "ಬಂದು ಒಂದು ತಿಂಗಳು ಇದ್ದು ಹೋಗಪ್ಪ" ಎಂದು ಫೋನಿನಲ್ಲಿ ಕರೆದಿದ್ದಳು. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು, ಮನೆಯಲ್ಲಿ ಕಟ್ಟಿಹಾಕುವಂಥ ಕೆಲಸವೇನೂ ಇರಲಿಲ್ಲ, ಹೋಗಬಹುದಿತ್ತು. ಆದರೆ ಕೋಲಿನ ಟಕ್ ಟಕ್ ಶಬ್ದ ಫೋನಿನಲ್ಲೇ ಕೇಳಿಸಿತ್ತು. ಅದನ್ನು ಕಣ್ಣಾರೆ ನೋಡುವ ಎದೆಗಾರಿಕೆ ಅವರಿಗಿರಲಿಲ್ಲ. "ಮಂಡಿನೋವು ಪುಟ್ಟಿ, ಮೆಟ್ಟಿಲು ಹತ್ತೋಕೇ ಆಗ್ತಿಲ್ಲ," ಎಂದು ನಾಲಿಗೆ ತಾನಾಗಿಯೇ ಹೇಳಿತ್ತು. "ಅಯ್ಯೋ, ಯಾವಾಗಿಂದ? ಯಾವ ಕಾಲು? ನನಗ್ಯಾಕೆ ಮೊದಲೇ ಹೇಳ್ಲಿಲ್ಲ?" ಒಂದು ಕ್ಷಣದ ಅನುಮಾನವೂ ಆ ದನಿಯಲ್ಲಿರಲಿಲ್ಲ. ನೋವು ಎಂದರೆ ನೋವು, ಅದಕ್ಕೆ ಸಾಕ್ಷಿ ಕೇಳುವುದುಂಟೇ ಎನ್ನುವಂತೆ ನಂಬಿದಳು. ಮುಂದಿನ ವಾರ ಅಂಚೆಯಲ್ಲಿ ಮಂಡಿಗೆ ಹಾಕುವ ಪಟ್ಟಿ ಬಂತು, ಮುಲಾಮು ಬಂತು. ತನ್ನ ಕೈಯಾರೆ ಬರೆದ, ಮಲಗಿಕೊಂಡು ಮಾಡುವ ವ್ಯಾಯಾಮಗಳ ಚಿತ್ರವೂ ಬಂತು. ಡ್ರಿಲ್ ಮೇಷ್ಟರಿಗೆ ವ್ಯಾಯಾಮ ಹೇಳಿಕೊಡುವ ಮಗಳು. ಪ್ರತಿ ಭಾನುವಾರ "ಮಾಡಿದ್ಯಾ ಅಪ್ಪ?" ಎಂದು ಕೇಳುತ್ತಿದ್ದಳು. ಆಗಷ್ಟೇ ವಾಕಿಂಗ್ ಮುಗಿಸಿ ಬೆವರು ಒರೆಸಿಕೊಳ್ಳುತ್ತ ಇವರು "ಮಾಡಿದೆ ಪುಟ್ಟಿ" ಎನ್ನುತ್ತಿದ್ದರು. ಈ ಸಲ ಟಿಕೆಟ್ ಮಾಡಿಸುವಾಗ ವೀಲ್‌ಚೇರ್‌ಗೂ ಅವಳೇ ಹೇಳಿಟ್ಟಿದ್ದಳು. "ಸಮಯ ಕಮ್ಮಿ ಇದೆ, ಅಷ್ಟು ದೊಡ್ಡ ಏರ್‌ಪೋರ್ಟಲ್ಲಿ ನಿನ್ನ ಕಾಲಲ್ಲಿ ಆಗಲ್ಲ," ಎಂದು. ಬೇಡ ಎನ್ನಲು ಸತ್ಯ ಹೇಳಬೇಕಿತ್ತು. ಅದಕ್ಕಿಂತ ಕುಳಿತುಕೊಳ್ಳುವುದೇ ಸುಲಭ ಅನ್ನಿಸಿತ್ತು.

ತಪಾಸಣೆಯ ಜಾಗದಲ್ಲಿ ಹಾವಿನಂತೆ ಸುತ್ತಿ ಸುತ್ತಿ ನಿಂತ ಸಾಲು. ಅದರ ಪಕ್ಕದ ಖಾಲಿ ದಾರಿಯಲ್ಲಿ ಇವರ ಕುರ್ಚಿ ಮಾತ್ರ ರಾಜಮರ್ಯಾದೆಯಲ್ಲಿ ಸಾಗಿತು. ಸಾಲಿನಲ್ಲಿದ್ದ ಮಧ್ಯವಯಸ್ಸಿನವನೊಬ್ಬ ಹೆಂಡತಿಗೆ "ಇವರದೇ ವಾಸಿ ನೋಡು" ಎಂದದ್ದು ಕಿವಿಗೆ ಬಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಮೇಷ್ಟರ ಕೈ ತಾನೇ ಹೋಗಿ ಮಂಡಿಯನ್ನು ಉಜ್ಜತೊಡಗಿತು. "ಎದ್ದು ನಾಲ್ಕು ಹೆಜ್ಜೆ ಹಾಕೋಕಾಗುತ್ತಾ? ಇಲ್ಲಾಂದ್ರೆ ಕೂತಲ್ಲೇ ನೋಡ್ತೀವಿ," ಎಂದ ಕಾವಲುಗಾರ ಬಹಳ ಮರ್ಯಾದಸ್ಥ. ಕೂತಲ್ಲೇ ನೋಡಿದರೆ ಹತ್ತು ನಿಮಿಷ ಹೋಗುತ್ತದೆ. "ಆಗುತ್ತೆ," ಎಂದು ಎದ್ದರು. ಬಲಗಾಲನ್ನು ಎಳೆದು ಹಾಕಿದರು, ಇನ್ನೊಮ್ಮೆ ಎಳೆದು ಹಾಕಿದರು, ತುಟಿ ಕಚ್ಚಿದರು. ಲೋಹಶೋಧಕ ಚೌಕಟ್ಟಿನ ಆಚೆ ಕೈ ಚಾಚಿ ನಿಂತಿದ್ದ ಹೆಂಗಸಿನ ತೋಳನ್ನು ಹಿಡಿದುಕೊಂಡಾಗ ಅವರಿಗೆ ತಮ್ಮ ನಟನೆಯ ಬಗ್ಗೆ ಒಂದು ಕ್ಷಣ ಹೆಮ್ಮೆಯೂ ಆಯಿತು. ಆ ಹೆಮ್ಮೆಯ ಹಿಂದೆಯೇ ಶಾಲೆಯ ಮೈದಾನ ನೆನಪಿಗೆ ಬಂತು. ಮಗಳಿಗೆ ಆಗ ಹನ್ನೊಂದು ವರ್ಷ. ತಂದೆಯ ಶಾಲೆಯಲ್ಲೇ ಓದುವ ಮಕ್ಕಳಿಗೆ ಮನೆಯಲ್ಲಿ ಅಪ್ಪನಿರುತ್ತಾನೆ, ಶಾಲೆಯಲ್ಲಿ ಇರುವುದಿಲ್ಲ. ಕ್ರೀಡಾ ದಿನದ ಅಭ್ಯಾಸ. ನೂರಿಪ್ಪತ್ತು ಮಕ್ಕಳು ಸಾಲಾಗಿ ನಿಂತಿದ್ದಾಗ ಅವಳು ಕೈ ಎತ್ತಿ "ಸರ್, ಬೆನ್ನು ನೋಯ್ತಿದೆ" ಎಂದಿದ್ದಳು. ಸರ್ ಎಂದೇ ಕರೆಯಬೇಕಿತ್ತು, ಅದು ಅವರೇ ಮಾಡಿದ ನಿಯಮ. ತಮ್ಮ ಮಗಳಿಗೆ ವಿನಾಯಿತಿ ಕೊಟ್ಟರು ಎಂಬ ಮಾತು ಬರಬಾರದೆಂದು ಮೇಷ್ಟರು ಬೇರೆ ಮಕ್ಕಳಿಗೆ ಮಾಡುವ ಪರೀಕ್ಷೆಯನ್ನೇ ಅವಳಿಗೂ ಮಾಡಿದರು. ಅವಳ ಹಿಂದೆ ಹೋಗಿ ನಿಂತು ಇದ್ದಕ್ಕಿದ್ದಂತೆ ಸೀಟಿ ಊದಿದರು. ಅವಳು ಬೆಚ್ಚಿ ಹಾರಿದಳು. "ಹಾರೋಕೆ ಬರುತ್ತೆ, ಓಡೋಕೆ ಬರಲ್ವಾ? ನಾಟಕ," ಎಂದರು. ಮಕ್ಕಳೆಲ್ಲ ನಕ್ಕರು. ಅವಳು ಓಡಿದಳು. ಎಲ್ಲರಿಗಿಂತ ಕೊನೆಯಲ್ಲಿ ಬಂದು ಗೆರೆ ದಾಟಿ, ಹುಲ್ಲಿನ ಮೇಲೆ ಪಕ್ಕಕ್ಕೆ ಮಲಗಿ ಮಂಡಿಗಳನ್ನು ಹೊಟ್ಟೆಗೆ ಎಳೆದುಕೊಂಡಳು. ಅಳಲಿಲ್ಲ. ಆಮೇಲೆ ಅವಳು ಯಾವ ನೋವನ್ನೂ ಅವರಿಗೆ ಹೇಳಲಿಲ್ಲ. ಮೂರು ವರ್ಷದ ಹಿಂದೆ ಎಕ್ಸ್‌ರೇ ನೋಡಿದ ಡಾಕ್ಟರು, ಒಂದು ಮೂಳೆ ಇನ್ನೊಂದರ ಮೇಲಿಂದ ಜಾರಿದೆ, ಇದು ಚಿಕ್ಕಂದಿನಲ್ಲೇ ಶುರುವಾಗಿರಬೇಕು ಎಂದರಂತೆ. ಇದನ್ನು ಅವಳೇ ಫೋನಿನಲ್ಲಿ, ಯಾರದೋ ಸುದ್ದಿ ಹೇಳಿದಂತೆ ಹೇಳಿ, "ದಿನಾ ಹತ್ತು ಗಂಟೆ ಬಗ್ಗಿ ಕೂತು ಹಲ್ಲಿನ ಸೆಟ್ ಮಾಡೋಳು ನಾನು, ಬೆನ್ನು ಕೈಕೊಡದೆ ಇನ್ನೇನು," ಎಂದು ತಾನೇ ತಪ್ಪೊಪ್ಪಿಕೊಂಡಿದ್ದಳು. ಆ ಮೈದಾನದ ಮಾತನ್ನು ಅವಳು ಎತ್ತಲಿಲ್ಲ. ಎತ್ತಿದ್ದರೆ ಎಷ್ಟೋ ಚೆನ್ನಾಗಿತ್ತು.

ಹೆಂಗಸು ಅವರನ್ನು ಒಂದು ವಿಶಾಲವಾದ ಮೂಲೆಗೆ ತಂದು ನಿಲ್ಲಿಸಿ, ಚಕ್ರಕ್ಕೆ ಬ್ರೇಕ್ ಹಾಕಿದಳು. "ನನ್ನ ಸರಹದ್ದು ಇಲ್ಲಿಗೆ ಮುಗೀತು ತಾತ. ಇಲ್ಲಿಂದ ಗೇಟಿಗೆ ಬೇರೆಯವರು ಕರ್ಕೊಂಡು ಹೋಗ್ತಾರೆ," ಎಂದು ಅವರ ಬೋರ್ಡಿಂಗ್ ಪಾಸನ್ನು ಮೇಜಿನ ಹಿಂದೆ ಕುಳಿತಿದ್ದ ಮೇಲ್ವಿಚಾರಕಿಯ ಕೈಗೆ ಕೊಟ್ಟು, ಇನ್ನೊಂದು ಖಾಲಿ ಕುರ್ಚಿ ಹಿಡಿದು ಹೊರಟೇಹೋದಳು. ಒಂದು ಗಂಟೆಗೆ ಇನ್ನು ಎರಡು ನಿಮಿಷ. ಗೋಡೆಯ ಉದ್ದಕ್ಕೂ ಒಂಬತ್ತು ವೀಲ್‌ಚೇರ್‌ಗಳು ಸಾಲಾಗಿ ನಿಂತಿದ್ದವು, ಮೇಷ್ಟರದು ಹತ್ತನೆಯದು. ಪಾದದಿಂದ ತೊಡೆಯವರೆಗೆ ಪಟ್ಟಿ ಸುತ್ತಿಸಿಕೊಂಡ ಒಬ್ಬ ಯುವಕ, ಕತ್ತು ಒಂದೇ ಕಡೆ ವಾಲಿದ ಒಬ್ಬ ಮುದುಕ, ಮೂಗಿಗೆ ಕೊಳವೆ ಸಿಕ್ಕಿಸಿಕೊಂಡ ಒಬ್ಬಾಕೆ. ಕಾಯುವುದು ಅವರಿಗೆಲ್ಲ ಅಭ್ಯಾಸವಾದ ಕೆಲಸವಿರಬೇಕು. ಪಕ್ಕದ ಕುರ್ಚಿಯಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಮಡಿಲಲ್ಲಿ ಕೈಚೀಲ ಇಟ್ಟುಕೊಂಡು ಪುದೀನ ಗುಳಿಗೆ ಚೀಪುತ್ತಿದ್ದರು. ಮೇಷ್ಟರು ಗೋಡೆಯ ಮೇಲಿನ ಫಲಕ ನೋಡಿದರು. ಗೇಟ್ ಅರವತ್ತೆರಡು, ನಡಿಗೆಯಲ್ಲಿ ಹದಿನೆಂಟು ನಿಮಿಷ. "ಮೇಡಂ, ನನ್ನ ಫ್ಲೈಟು..." "ಗೊತ್ತು ಸರ್, ಬರೆದ್ಕೊಂಡಿದ್ದೀನಿ. ತಳ್ಳೋರು ಬರ್ತಿದ್ದಾರೆ, ಐದು ನಿಮಿಷ." ಐದು ನಿಮಿಷ ಆಯಿತು. ತಳ್ಳುವವನೊಬ್ಬ ಬಂದ, ಪಟ್ಟಿ ಸುತ್ತಿದ ಯುವಕನ ಪಕ್ಕದವರನ್ನು ಕರೆದುಕೊಂಡು ಹೋದ. ಹದಿನೆಂಟು ನಿಮಿಷದ ನಡಿಗೆ ಎಂದರೆ ತಮಗೆ ಹನ್ನೊಂದು, ಓಡಿದರೆ ಆರು ಎಂದು ಮೇಷ್ಟರ ತಲೆ ಲೆಕ್ಕ ಹಾಕಿತು. ಎದ್ದುಬಿಡಬಹುದು. ಆದರೆ ಉಳಿದ ಈ ಎಂಟು ಜನರ ಎದುರಿಗೆ, ತೊಡೆಯ ಮೇಲಿನ ಧೂಳು ಕೊಡವಿಕೊಂಡು ಎದ್ದು ಸರಸರ ನಡೆದು ಹೋಗುವುದು ಹೇಗೆ? ಮಗಳ ಮುಖ ನೋಡುವುದಕ್ಕಿಂತ ಈ ಗುರುತಿಲ್ಲದವರ ಮುಂದೆ ಮಾನ ಉಳಿಸಿಕೊಳ್ಳುವುದೇ ತಮಗೆ ದೊಡ್ಡದಾಯಿತೇ ಎಂಬ ಯೋಚನೆ ಬಂದು ಅಸಹ್ಯವಾಯಿತು. ಅಸಹ್ಯವಾದರೂ ಎದ್ದೇಳಲಿಲ್ಲ.

"ನಿಮ್ಮದು ಗೇಟ್ ಅರವತ್ತೆರಡಾ?" ಅಜ್ಜಿ ಕೇಳಿದರು.

"ಹೌದು. ನಿಮ್ಮದು?"

"ನನ್ನದು ಮೂರು ಗಂಟೆಗೆ. ಹೋದರೆ ಹೋಯ್ತು, ಇದ್ದರೆ ಇತ್ತು. ಆಚೆ ಕಡೆ ಕಾಯೋರು ಯಾರೂ ಇಲ್ಲ." ಗುಳಿಗೆಯನ್ನು ಇನ್ನೊಂದು ಕೆನ್ನೆಗೆ ಸರಿಸಿಕೊಂಡು, ದನಿ ತಗ್ಗಿಸಿ, "ನಿಮಗೆ ಕಾಯೋರು ಯಾರೋ ಇದ್ದ ಹಾಗಿದೆ. ಎದ್ದು ಓಡಬಾರದಾ?" ಎಂದರು.

ಮೇಷ್ಟರ ಕೈ ಬಲಮಂಡಿಗೆ ಹೋಯಿತು. "ನನಗೆ ಮಂಡಿ..."

"ಬಿಡಿ ಸ್ವಾಮಿ. ಹತ್ತು ನಿಮಿಷದಿಂದ ನೋಡ್ತಿದ್ದೀನಿ, ಹೊಲಿಗೆ ಯಂತ್ರ ತುಳಿದ ಹಾಗೆ ಎರಡೂ ಕಾಲು ಕುಣಿಸ್ತಾ ಕೂತಿದ್ದೀರಿ. ನೋವಿರೋ ಮಂಡೀನ ಯಾರೂ ಹಾಗೆ ಕುಣಿಸಲ್ಲ. ಹನ್ನೆರಡು ವರ್ಷ ಆಯ್ತು ನಾನು ಇದರಲ್ಲಿ ಕೂತು."

ಮೇಷ್ಟರು ತಮ್ಮ ಕಾಲು ನೋಡಿಕೊಂಡರು. ಅವು ನಿಂತವು. ಮೈದಾನದ ಆ ತುದಿಯಿಂದ ಗುರುತು ಹಿಡಿಯುತ್ತಿದ್ದವರನ್ನು ಈಕೆ ಪಕ್ಕದಲ್ಲೇ ಕೂತು ಹಿಡಿದಿದ್ದರು. ಅಜ್ಜಿ ಸಿಟ್ಟು ಮಾಡಲಿಲ್ಲ, ಸೀಟಿ ಊದಲಿಲ್ಲ. "ಮಗಳಿಗೆ ನಾಳೆ ಆಪರೇಷನ್ನು," ಎಂದರು ಮೇಷ್ಟರು. "ಮತ್ತೇನು ಕೂತಿದ್ದೀರಿ, ಮುಹೂರ್ತ ನೋಡ್ತಾ?" ಎಂದರು ಅಜ್ಜಿ. ಒಂದು ಗಂಟೆ ಎಂಟು ನಿಮಿಷ. ಮೇಷ್ಟರು ಎದ್ದು ನಿಂತರು. ಕಾಲಿಡುವ ಪಟ್ಟಿಗೆ ಕಾಲು ತಾಗಿ ಕುರ್ಚಿ ಠಣ್ ಎಂದಿತು, ಎಲ್ಲರೂ ತಿರುಗಿದರು. ಮೇಜಿನ ಬಳಿಗೆ ಹೋಗಿ, "ನನ್ನ ಬೋರ್ಡಿಂಗ್ ಪಾಸ್ ಕೊಡಿ, ನಾನು ನಡೆದೇ ಹೋಗ್ತೀನಿ," ಎಂದರು.

ಮೇಲ್ವಿಚಾರಕಿ ಗಾಬರಿಯಿಂದ ಎದ್ದು ಬಂದು ಅವರ ಮೊಣಕೈ ಹಿಡಿದಳು. "ಕೂತ್ಕೊಳಿ ಸರ್, ಬೀಳ್ತೀರ."

"ನನಗೇನೂ ಆಗಿಲ್ಲಮ್ಮ. ನಾನು ಚೆನ್ನಾಗಿ ನಡೀತೀನಿ."

"ಎಲ್ಲರೂ ಹೀಗೇ ಅಂತಾರೆ. ಹೋದ ತಿಂಗಳು ಒಬ್ಬರು ನಡೀತೀನಿ ಅಂತ ಹೋಗಿ ಎಸ್ಕಲೇಟರ್ ಮೇಲೆ ಬಿದ್ದರು. ಬಂದಿದ್ದು ನನ್ನ ತಲೆ ಮೇಲೆ. ನಿಮ್ಮ ಹೆಸರಿನ ಮುಂದೆ ಏನು ಬರೆದಿದೆ ನೋಡಿ, ಮಂಡಿ ಸವೆತ, ದೂರ ನಡೆಯಲಾರರು."

"ಅದು ನನ್ನ ಮಗಳು ಬರೆಸಿದ್ದು. ಸುಳ್ಳು ಅದು."

"ಮಗಳು ಸುಳ್ಳು ಬರೆಸ್ತಾರಾ?"

ಈ ಪ್ರಶ್ನೆಗೆ ಉತ್ತರ ಬಹಳ ಉದ್ದವಾಗುತ್ತಿತ್ತು. ಒಂದು ಗಂಟೆ ಒಂಬತ್ತು. ಮೇಷ್ಟರು ಮೊಣಕೈ ಬಿಡಿಸಿಕೊಂಡು ಎರಡು ಹೆಜ್ಜೆ ಹಿಂದೆ ಸರಿದು, ಕಾಲು ಜೋಡಿಸಿ, ಬೆನ್ನು ನೆಟ್ಟಗೆ ಮಾಡಿ, ಎರಡೂ ಕಿವಿ ಹಿಡಿದುಕೊಂಡು ಬಸ್ಕಿ ಹೊಡೆಯತೊಡಗಿದರು. ಕಿವಿ ಹಿಡಿಯುವ ಅಗತ್ಯವೇನೂ ಇರಲಿಲ್ಲ. ಸುಳ್ಳು ನೋವಿನ ಮಕ್ಕಳಿಗೆ ಬಸ್ಕಿ ಎಂದರೆ ಕಿವಿ ಹಿಡಿದೇ ಎಂದು ಮೂವತ್ನಾಲ್ಕು ವರ್ಷ ಹೇಳಿದ್ದರಿಂದ ಕೈ ತಾನೇ ಅಲ್ಲಿಗೆ ಹೋಯಿತು. "ಒಂದು," ಎಂದು ಪೂರ್ತಿ ಕುಳಿತು ಎದ್ದರು. "ಎರಡು." ಮಂಡಿಗಳು ಎಣ್ಣೆ ಹಾಕಿದ ಬಾಗಿಲಿನಂತೆ ಮಡಚಿ ತೆರೆದವು. "ಮೂರು." ಒಬ್ಬರೂ ನಗಲಿಲ್ಲ. ನಕ್ಕಿದ್ದರೆ ತಡೆದುಕೊಳ್ಳಬಹುದಿತ್ತು. ಪಟ್ಟಿ ಸುತ್ತಿಕೊಂಡ ಯುವಕ ಇವರ ಮುಖ ನೋಡುತ್ತಿರಲಿಲ್ಲ, ಮಂಡಿಗಳನ್ನು ನೋಡುತ್ತಿದ್ದ. ಹಸಿದವರು ಬೇರೆಯವರ ತಟ್ಟೆ ನೋಡುತ್ತಾರಲ್ಲ, ಹಾಗೆ. ಕತ್ತು ವಾಲಿದ ಮುದುಕ ಕಷ್ಟಪಟ್ಟು ಕಣ್ಣು ಮೇಲೆತ್ತಿದ. ಇವರ ನಡುವೆ ಇಷ್ಟು ಹೊತ್ತು ನನ್ನ ಮೈಯ ಐಶ್ವರ್ಯವನ್ನೆಲ್ಲ ಬಚ್ಚಿಟ್ಟುಕೊಂಡು ಕುಳಿತಿದ್ದೆನಲ್ಲ ಎಂದು ಮೇಷ್ಟರ ಕಣ್ಣು ಮಂಜಾಯಿತು. "ಏಳು, ಎಂಟು," ಎಂದು ಅಜ್ಜಿ ಎಣಿಕೆಯನ್ನು ತಾವೇ ಮುಂದುವರಿಸಿದರು, "ಸಾಕು ಕೊಡಮ್ಮ ತಾಯಿ, ಮನುಷ್ಯ ಇನ್ನೇನು ಪಲ್ಟಿ ಹೊಡೀಬೇಕಾ?" ಮೇಲ್ವಿಚಾರಕಿ ಬಾಯಿ ಬಿಟ್ಟುಕೊಂಡೇ ಪಾಸು ಕೊಟ್ಟಳು.

ಮೇಷ್ಟರು ಓಡಿದರು. ಕೈಚೀಲವನ್ನು ಎದೆಗವಚಿಕೊಂಡು, ಚಲಿಸುವ ನೆಲದ ಮೇಲೆ ನಿಂತವರ ನಡುವೆ ನುಸುಳಿ, ಸುಗಂಧದ ಅಂಗಡಿಗಳನ್ನೂ ಮಲಗಿ ಕಾಯುತ್ತಿದ್ದ ಸಂಸಾರಗಳನ್ನೂ ದಾಟಿ ಓಡಿದರು. ಗೇಟ್ ನಲವತ್ತು, ನಲವತ್ತೆರಡು. ಮೊದಲ ನೂರು ಗಜದಲ್ಲಿ ನಾಚಿಕೆ ಜೊತೆಗೇ ಓಡಿ ಬಂತು, ಆಮೇಲೆ ಹಿಂದೆ ಬಿತ್ತು. ಉಸಿರು ಲಯಕ್ಕೆ ಬಂತು, ಪಾದ ನೆಲವನ್ನು ಹಿಡಿದು ಬಿಟ್ಟು ಹಿಡಿದು ಬಿಟ್ಟು ಹೋಗುತ್ತಿತ್ತು. ಎರಡು ವರ್ಷ ಕುಂಟನೆಂದು ಹೇಳಿಸಿಕೊಂಡ ಕಾಲುಗಳು ಸೇಡು ತೀರಿಸಿಕೊಳ್ಳುವಂತೆ ಓಡಿದವು. ಇಷ್ಟು ಸುಖವಾಗುತ್ತಿದೆಯಲ್ಲ ಎಂದು ಅವರಿಗೇ ಆಶ್ಚರ್ಯವಾಯಿತು. ಹನ್ನೊಂದು ವರ್ಷದ ಹುಡುಗಿಗೆ ಆ ದಿನ ಓಡಿದ್ದು ಹೇಗಿತ್ತೋ. ಒಂದೊಂದು ಹೆಜ್ಜೆಗೂ ಮೂಳೆ ಮೂಳೆಗೆ ಉಜ್ಜುತ್ತಿರುವಾಗ, ಗೆರೆಯ ಬಳಿ ಸೀಟಿ ಹಿಡಿದು ನಿಂತ ಅಪ್ಪನ ಕಡೆಗೇ ಓಡಿಬರಬೇಕಾದ ಓಟ. ಅವಳು ಆ ಓಟವನ್ನು ಪೂರ್ತಿ ಮಾಡಿದ್ದಳು, ಮಧ್ಯದಲ್ಲಿ ನಿಲ್ಲಿಸಲಿಲ್ಲ, ಅದನ್ನು ಇವರು ಗಮನಿಸಿಯೇ ಇರಲಿಲ್ಲ. ಇವತ್ತೇ ಹೇಳಿಬಿಡಬೇಕು, ಅವಳು ಒಳಗೆ ಹೋಗುವ ಮುಂಚೆ ಎಲ್ಲವನ್ನೂ ಹೇಳಿಬಿಡಬೇಕು ಎಂದು ಓಡುತ್ತಲೇ ತೀರ್ಮಾನಿಸಿದರು. ಗೇಟ್ ಅರವತ್ತೆರಡರಲ್ಲಿ ಒಬ್ಬಳೇ ನಿಂತು ಕಾಗದ ಜೋಡಿಸುತ್ತಿದ್ದ ಸಿಬ್ಬಂದಿ ಅವರ ಪಾಸನ್ನು ಯಂತ್ರಕ್ಕೆ ತೋರಿಸಿ ಹುಬ್ಬೇರಿಸಿದಳು. "ವೀಲ್‌ಚೇರ್ ಪ್ರಯಾಣಿಕರು ಅಂತ ಇದೆ?" "ಇತ್ತು," ಎಂದು ಏದುಸಿರು ಬಿಡುತ್ತ ಒಳಗೆ ನುಗ್ಗಿದರು. ಒಂದು ಗಂಟೆ ಹದಿನೆಂಟು.

ಸೀಟಿನಲ್ಲಿ ಕುಳಿತು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಫೋನ್ ಬಂತು. ಮಗಳೇ. "ಅಪ್ಪಾ, ಹತ್ತಿದ್ಯಾ?"

"ಹತ್ತಿದೆ ಪುಟ್ಟಿ. ಬೆಳಿಗ್ಗೆ ಆರಕ್ಕೆಲ್ಲ ನಿನ್ನ ಮುಂದೆ ಇರ್ತೀನಿ."

ಆ ಕಡೆ ಉದ್ದನೆಯ ಉಸಿರು. ಆಮೇಲೆ, "ಯಾಕೆ ಇಷ್ಟು ಏದುಸಿರು? ಸರಿಯಾಗಿ ತಳ್ಕೊಂಡು ಬಂದ್ರು ತಾನೆ?"

ಈಗ. ಈಗ ಬಿಟ್ಟರೆ ಇನ್ನಿಲ್ಲ. ಮೇಷ್ಟರು ಕಿಟಕಿಯ ಕಡೆ ತಿರುಗಿ ಬಾಯಿಗೆ ಕೈ ಅಡ್ಡ ಹಿಡಿದರು. "ಕೇಳು ಪುಟ್ಟಿ. ನಾನು ಓಡಿ ಬಂದೆ. ನನಗೆ ಮಂಡಿನೋವಿಲ್ಲ. ಯಾವತ್ತೂ ಇರಲಿಲ್ಲ. ಎರಡು ವರ್ಷದಿಂದ ನಿನಗೆ ಸುಳ್ಳು ಹೇಳ್ತಾ ಬಂದೆ. ನಿನ್ನನ್ನ ಆ ಕೋಲಿನ ಜೊತೆ ನೋಡೋ ಧೈರ್ಯ ಇರಲಿಲ್ಲ ನನಗೆ. ಅವತ್ತು ಮೈದಾನದಲ್ಲಿ ನೀನು ಹೇಳಿದ್ದು ನಾನು ನಂಬಲಿಲ್ಲ, ಅದಕ್ಕೆ."

ಆ ಕಡೆಯಿಂದ ಅವಳು ನಕ್ಕದ್ದು ಕೇಳಿಸಿತು. ಬೆನ್ನು ಅಲುಗದ ಹಾಗೆ ನಗುವ ಅವಳದೊಂದು ಸಣ್ಣ ನಗು ಇದೆ, ಅದು. "ಅಪ್ಪ, ನಾನು ಹೆದರಿದ್ದೀನಿ ಅಂತ ಹೀಗೆಲ್ಲ ಹೇಳಬೇಡ."

"ಇಲ್ಲ, ನಿಜ ಹೇಳ್ತಿದ್ದೀನಿ. ಬಸ್ಕಿ ಹೊಡೆದು ತೋರಿಸಿ ಬಂದೆ. ನಂಬು ಪುಟ್ಟಿ."

"ಆಯ್ತು, ಆಯ್ತು. ನೋವಿದ್ದೋರಿಗೆ ನೋವು ಗೊತ್ತಾಗಲ್ವಾ? ಎರಡು ವರ್ಷದಿಂದ ಪ್ರತಿ ಭಾನುವಾರ ನಿನ್ನ ದನಿಯಲ್ಲಿ ಕೇಳಿದ್ದೀನಿ. ಮಂಡಿ ಹೇಗಿದೆ ಅಂದಾಗೆಲ್ಲ ನಿನ್ನ ಗಂಟಲು ಕಟ್ಟುತ್ತೆ. ಸುಳ್ಳು ಹೇಳೋರಿಗೆ ಹಾಗಾಗಲ್ಲ." ಅವಳ ದನಿ ಸಣ್ಣದಾಯಿತು. "ಮನೆಯಲ್ಲಿ ನಾನೊಬ್ಬಳೇ ಕುಂಟಿ ಅಲ್ಲ, ಅಪ್ಪನೂ ಇದ್ದಾನೆ ಅಂತ ಇಷ್ಟು ದಿನ ಹೇಗೋ ತಳ್ಳಿದ್ದೀನಿ. ನಾಳೆವರೆಗಾದರೂ ಅದನ್ನ ಕಿತ್ಕೋಬೇಡ."

ಮೇಷ್ಟರು ಬಾಯಿ ತೆರೆದರು. ಹೇಳಬೇಕಾದ ಸತ್ಯ ಇನ್ನೂ ನಾಲಿಗೆಯ ಮೇಲೇ ಇತ್ತು, ಅದರಷ್ಟು ನಿರುಪಯೋಗಿಯಾದದ್ದು ಜಗತ್ತಿನಲ್ಲಿ ಇನ್ನೊಂದಿರಲಿಲ್ಲ. ಇಪ್ಪತ್ತೈದು ವರ್ಷ ತಡವಾಗಿ ಅವರಿಗೆ ತಿಳಿಯಿತು, ಹೇಳಿದ್ದನ್ನು ನಂಬಿಸಲಾಗದೆ ನಿಲ್ಲುವುದು ಎಂದರೆ ಏನೆಂದು. ಗಗನಸಖಿ ಹತ್ತಿರ ಬಂದು, ಫೋನ್ ಆಫ್ ಮಾಡಿ ಎಂದು ಸನ್ನೆ ಮಾಡಿದಳು.

"ಅಪ್ಪಾ, ಇದ್ದೀಯಾ? ಇಲ್ಲೂ ವೀಲ್‌ಚೇರ್‌ಗೆ ಹೇಳಿದ್ದೀನಿ. ಇಳಿದ ತಕ್ಷಣ ಹಠ ಮಾಡಿ ಎದ್ದು ನಡೀಬೇಡ. ಕೂತ್ಕೊಂಡೇ ಬಾ."

"ಆಯ್ತು ಪುಟ್ಟಿ," ಎಂದರು ಮೇಷ್ಟರು. "ಕೂತ್ಕೊಂಡೇ ಬರ್ತೀನಿ."